ಬಿಳುಪಾಗದ ಧಾನ್ಯ

ಹಾಲಿನಂಥ ಅನ್ನ, ಮಲ್ಲಿಗೆಯಂಥ ಇಡ್ಲಿ, ಹತ್ತಿಯಂಥ ಬ್ರೆಡ್ಡು! ಊಟ ತಿಂಡಿಗಳನ್ನು ಹೊಗಳಲು ನಾವು ಬಳಸುವ ಉಪಮಾನಗಳನ್ನೆಲ್ಲ ಒಂದೆಡೆ ಕೂಡಿಸಿ ನೋಡಿದರೆ, ನಮಗೆ ಬೇಕಾದುದು ರುಚಿಯೋ ಬಣ್ಣವೋ ಎಂಬ ಸಂದೇಹ ಹುಟ್ಟುತ್ತದೆ. ಎಲ್ಲದರಲ್ಲಿಯೂ ಮೆಚ್ಚುಗೆ ಸಲ್ಲುವುದು ಬಿಳುಪಿಗೇ. ಸಕ್ಕರೆಯನ್ನಂತೂ ಬೇರೊಂದಕ್ಕೆ ಹೋಲಿಸುವ ಕಷ್ಟವೂ ಇಲ್ಲ. ಬಿಳಿಯದು ಎಂಬುದೇ ಅದರ ಯೋಗ್ಯತಾಪತ್ರ. ಆದುದರಿಂದ ಇಂದು ವೈದ್ಯರು ‘ಬಿಳಿಯದನ್ನು ಕಡಿಮೆ ಮಾಡಿ’ ಎಂದಾಗ ನಮಗೆ ತುಸು ಗಲಿಬಿಲಿಯಾಗುವುದು ಸಹಜ. ಎರಡು ಮೂರು ತಲೆಮಾರಿನವರು ಶ್ರಮಪಟ್ಟು ಏರಿದ ಮೆಟ್ಟಿಲನ್ನು ಇಳಿದುಬನ್ನಿ ಎಂದಂತೆ ಆ ಮಾತು ಕೇಳಿಸುತ್ತದೆ. ಈ ಮೆಟ್ಟಿಲನ್ನು ಕಟ್ಟಿದವರು ಯಾರು, ಬೆಂಗಳೂರಿನ ಹೊರವಲಯದ ಜನ ಅದನ್ನು ಹೇಗೆ ಏರಿದರು ಎಂಬುದಕ್ಕೆ ಒಂದು ಚರಿತ್ರೆಯುಂಟು. ಅದರ ನಡುವೆ ಇರುವುದು ಸಾಸಿವೆಯಷ್ಟು ಪುಟ್ಟದಾದ ಒಂದು ಕೆಂಪು ಕಾಳು, ಬಿಳುಪಾಗಲು ಸುಲಭವಾಗಿ ಒಪ್ಪದ ರಾಗಿ.

ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಗಾಜಿನ ಕಟ್ಟಡಗಳು, ಲೇತ್ ಯಂತ್ರಗಳ ಸದ್ದು, ಮುಗಿಯದ ವಾಹನಗಳ ಸಾಲು. ಆದರೆ ಇವುಗಳ ಕೆಳಗೆ ಹಳೆಯ ಊರುಗಳಿವೆ. ೧೮೮೨ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ, ಅವರ ಜನ ಬೇಸಾಯ ಮಾಡಿಕೊಂಡು ನೆಲೆಸಲೆಂದು, ಸುಮಾರು ೩,೯೦೦ ಎಕರೆ ಭೂಮಿಯನ್ನು ಕೊಟ್ಟರು. ಆ ಸಮಾಜದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ವೈಟ್‌ಫೀಲ್ಡ್ ಆಯಿತು. ಹೆಸರಿನಲ್ಲಿ ಬಿಳುಪು ಬಂತೇ ಹೊರತು ಹೊಲ ಕೆಮ್ಮಣ್ಣಿನದೇ. ಪೀಣ್ಯದ ಹೊಲಗಳಲ್ಲಿ ೧೯೭೦ರ ದಶಕದಲ್ಲಿ ಕಾರ್ಖಾನೆಗಳು ಎದ್ದವು. ಅದೇ ದಶಕದ ಕೊನೆಗೆ ಆರ್. ಕೆ. ಬಾಳಿಗರ ಕಲ್ಪನೆಯಂತೆ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ೩೩೨ ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಆರಂಭಿಸಿತು. ೧೯೯೦ರ ದಶಕದಲ್ಲಿ ಸಾದರಮಂಗಲದ ಬಳಿ ತಂತ್ರಜ್ಞಾನದ ಪಾರ್ಕು ಬಂತು. ಅದಕ್ಕೆ ಮುಂಚೆ ಈ ಊರುಗಳಲ್ಲಿ ಕೆರೆಯ ಕೆಳಗಿನ ಕೊಂಚ ಗದ್ದೆಯಲ್ಲಿ ಭತ್ತ. ಉಳಿದ ಬೆದ್ದಲು ನೆಲಕ್ಕೆಲ್ಲ ಮಳೆಯನ್ನು ನಂಬಿದ ರಾಗಿ.

ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ೧೮೦೦ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಬೆಂಗಳೂರಿನ ಮೂಲಕ ಮೈಸೂರು ಸೀಮೆಯನ್ನೆಲ್ಲ ಸುತ್ತಿದ. ೧೮೦೭ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸಕಥನದಲ್ಲಿ, ಈ ಸೀಮೆಯ ಒಣಬೇಸಾಯದ ಬೆಳೆಗಳಲ್ಲಿ ರಾಗಿಗೇ ಅಗ್ರಸ್ಥಾನ. ರಾಗಿಯ ಹೊಲ ಎಂದರೆ ಬರಿಯ ರಾಗಿಯ ಹೊಲವಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ನಡುನಡುವೆ ಅಕ್ಕಡಿಯ ಸಾಲುಗಳು: ಅವರೆ, ತೊಗರಿ, ಹುಚ್ಚೆಳ್ಳು, ಒಂದಿಷ್ಟು ಜೋಳ. ಕಳೆ ಕೀಳಲು ಹೋದ ಹೆಂಗಸರ ಮಡಿಲಿಗೆ ಬೆರಕೆ ಸೊಪ್ಪು. ಹೀಗೆ ಹೊಲದಲ್ಲಿ ಜೊತೆಯಾಗಿ ಬೆಳೆದುದೇ ತಣಿಗೆಯಲ್ಲಿಯೂ ಜೊತೆಯಾಗುತ್ತಿತ್ತು. ಮುದ್ದೆಗೆ ಅವರೆಕಾಳಿನ ಸಾರು, ಸೊಪ್ಪಿನ ಬಸ್ಸಾರು, ಹುಚ್ಚೆಳ್ಳಿನ ಪುಡಿ. ಕಾಳು ಸೊಪ್ಪುಗಳಿಲ್ಲದ ಮುದ್ದೆಯನ್ನು ನಮ್ಮ ಹಿರಿಯರು ಊಟವೆಂದು ಕರೆದವರಲ್ಲ.

ರಾಗಿಯೂ ಮೂಲತಃ ಈ ನೆಲದ್ದಲ್ಲ. ಅದರ ತವರು ಆಫ್ರಿಕದ ಪೂರ್ವದ ಎತ್ತರದ ಪ್ರದೇಶಗಳು. ಸಾವಿರಾರು ವರ್ಷಗಳ ಹಿಂದೆ ಕಡಲು ದಾಟಿ ಬಂದು ಇಲ್ಲಿಯದೇ ಆಗಿಬಿಟ್ಟಿತು. ವೈಟ್‌ಫೀಲ್ಡಿಗೆ ಇಂದು ದೇಶದ ಮೂಲೆಮೂಲೆಯಿಂದ ಬಂದವರಿಗೆ ಇದೊಂದು ಸಮಾಧಾನದ ಸಂಗತಿ. ಹೀಗೆ ಬಂದ ಧಾನ್ಯ ಜನರ ನಂಬಿಕೆಯನ್ನು ಗೆದ್ದುದು ತನ್ನ ಬಾಳಿಕೆಯಿಂದ. ಹುಳು ಅಷ್ಟಾಗಿ ಹಿಡಿಯದ ಈ ಕಾಳನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಇಡುತ್ತಿದ್ದರು. ಒಂದು ಮಳೆ ತಪ್ಪಿದರೆ ಹಗೇವು ಕಾಯುತ್ತಿತ್ತು. ಮೇಲಿಂದ ಮೇಲೆ ಮಳೆ ತಪ್ಪಿದಾಗ ಏನಾಗುತ್ತದೆ ಎಂಬುದನ್ನು ೧೮೭೬–೭೮ರ ಮಹಾಕ್ಷಾಮ ತೋರಿಸಿತು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಗಣತಿಯಲ್ಲಿ ೫೦,೫೫,೪೧೨ ಇದ್ದುದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿದಿತ್ತು.

ಕೂಡಿಟ್ಟರೂ ಕೆಡದ ಈ ಗುಣವನ್ನೇ ಹಿಡಿದು ಹದಿನಾರನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತ್ರೆ’ಯನ್ನು ಕಟ್ಟಿದರು. ಅಕ್ಕಿಗೂ ರಾಗಿಗೂ ಹಿರಿತನದ ಜಗಳ. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ಬಂದಾಗ ಅಕ್ಕಿ ಸೊರಗಿತ್ತು, ರಾಗಿ ಇದ್ದಂತೆಯೇ ಇತ್ತು. ರಾಘವನ ಹೆಸರೇ ಅದಕ್ಕೆ ಸಂದಿತು. ಉಳ್ಳವರ ಅನ್ನಕ್ಕೂ ಇಲ್ಲದವರ ಹಿಟ್ಟಿಗೂ ನಡುವೆ ಇದ್ದ ಅಂತರವನ್ನು ಕವಿ ಕಂಡ ಬಗೆ ಇದು. ಈ ಕಾವ್ಯವನ್ನು ಪಾಠ ಹೇಳುವಾಗ ‘ನಿಮ್ಮಲ್ಲಿ ಎಷ್ಟು ಮಂದಿಯ ಮನೆಯಲ್ಲಿ ಮುದ್ದೆ ಮಾಡುತ್ತಾರೆ?’ ಎಂದು ನಾನು ಕೇಳುವುದುಂಟು. ಮೊದಲು ಒಂದೆರಡು ಕೈಗಳು ಅಳುಕುತ್ತ ಏಳುತ್ತವೆ. ಆಮೇಲೆ, ನಾನೂ ಉಣ್ಣುತ್ತೇನೆ ಎಂದಾಗ, ಇನ್ನಷ್ಟು. ನಾಲ್ಕು ಶತಮಾನ ಕಳೆದರೂ ರಾಗಿಯ ಮೇಲಿನ ಮೊಕದ್ದಮೆ ಪೂರ್ತಿ ಖುಲಾಸೆಯಾದಂತೆ ಕಾಣುವುದಿಲ್ಲ.

ಈ ಅಳುಕಿಗೆ ಕಾರಣ ರಾಗಿಯ ಬಣ್ಣ. ಬಣ್ಣಕ್ಕೆ ಕಾರಣ ಅದರ ಸಿಪ್ಪೆ. ಭತ್ತದ ಹೊಟ್ಟು ತೆಗೆದ ಮೇಲೂ ಅಕ್ಕಿಯ ಮೈಗೆ ಕೆಂಪನೆಯ ತೌಡು ಅಂಟಿರುತ್ತದೆ. ಒನಕೆಯಿಂದ ಕುಟ್ಟಿದರೆ ಅದು ಅಷ್ಟಿಷ್ಟು ಉಳಿಯುತ್ತದೆ. ಗಿರಣಿಗೆ ಹಾಕಿದರೆ ಪೂರ್ತಿ ಉಜ್ಜಿಹೋಗಿ ಅಕ್ಕಿ ಹೊಳೆಯುತ್ತದೆ. ಗೋಧಿಯನ್ನೂ ಹಾಗೆಯೇ ಉರುಳೆಗಳ ನಡುವೆ ಒಡೆದು, ಬೂಸ ಬೇರೆ ಮಾಡಿ, ಮೈದಾ ತೆಗೆಯಬಹುದು. ರಾಗಿಯಲ್ಲಿ ಇದು ಆಗದು. ಕಾಳು ತೀರ ಚಿಕ್ಕದು, ಒಳಗಿನ ತಿರುಳು ಮೆತ್ತಗೆ, ಸಿಪ್ಪೆ ಬಿಗಿ; ಉಜ್ಜಹೋದರೆ ಎಲ್ಲವೂ ಒಟ್ಟಿಗೆ ಪುಡಿಯಾಗುತ್ತದೆ. ಆದುದರಿಂದ ಬೀಸುವ ಕಲ್ಲಿನ ಕಾಲದಿಂದ ಹಿಟ್ಟಿನ ಗಿರಣಿಯ ಕಾಲದವರೆಗೆ ರಾಗಿಯನ್ನು ಉಂಡವರು ಇಡೀ ಕಾಳನ್ನೇ ಉಂಡರು. ಬಿಳುಪಾಗದಿದ್ದುದು ರಾಗಿಗೆ ಅವಮಾನವನ್ನು ತಂದಿತು. ಉಂಡವರಿಗೆ ಆರೋಗ್ಯವನ್ನು ಉಳಿಸಿತು.

ಹೊಳೆಯುವ ಅಕ್ಕಿಯ ಬೆಲೆ ಏನೆಂಬುದು ಜಗತ್ತಿಗೆ ತಿಳಿಯತೊಡಗಿದ್ದು ೧೮೯೦ರ ದಶಕದಲ್ಲಿ. ಜಾವಾ ದ್ವೀಪದಲ್ಲಿ ಡಚ್ ವೈದ್ಯ ಐಕ್‌ಮನ್, ಪಾಲಿಶ್ ಅಕ್ಕಿಯನ್ನೇ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ ತೌಡಿದ್ದ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡ. ಬೆರಿಬೆರಿ ರೋಗದ ಗುಟ್ಟು ಹೀಗೆ ಹೊರಬಿತ್ತು. ನಮ್ಮ ನೆರೆಯ ನೀಲಗಿರಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಬೇರೆಬೇರೆ ಜನರ ಊಟವನ್ನು ಉಣಿಸಿ ನೋಡಿದರು. ಇಡೀ ಗೋಧಿಯ ರೊಟ್ಟಿ, ಬೇಳೆ, ಹಾಲು, ತರಕಾರಿ ತಿಂದ ಇಲಿಗಳು ಪುಷ್ಟವಾಗಿ ಬೆಳೆದವು. ಇಂಗ್ಲೆಂಡಿನ ಬಡವರಂತೆ ಬಿಳಿ ಬ್ರೆಡ್ಡು, ಸಕ್ಕರೆ ಹಾಕಿದ ಚಹಾ, ಡಬ್ಬಿಯ ಮಾಂಸ ತಿಂದವು ಸೊರಗಿದವು. ಆ ಪ್ರಯೋಗಶಾಲೆಯೇ ೧೯೫೮ರಲ್ಲಿ ಹೈದರಾಬಾದಿಗೆ ಹೋಗಿ ಮುಂದೆ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಆ ಸಂಸ್ಥೆ ೨೦೧೭ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ ೧೦೦ ಗ್ರಾಂ ರಾಗಿಯಲ್ಲಿ ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಉಂಟು. ಪಾಲಿಶ್ ಅಕ್ಕಿಯಲ್ಲಿ ೭ರ ಆಸುಪಾಸು. ನಾರಿನ ಅಂಶ ರಾಗಿಯಲ್ಲಿ ಸುಮಾರು ೧೧ ಗ್ರಾಂ, ಅಕ್ಕಿಯಲ್ಲಿ ೩ ಗ್ರಾಮಿಗೂ ಕಡಿಮೆ.

ಇನ್ನು ಸಿಹಿಯ ಕಥೆ. ‘ಶರ್ಕರಾ’ ಎಂದರೆ ಸಂಸ್ಕೃತದಲ್ಲಿ ಮರಳು ಹರಳು. ಆ ಮಾತು ಪಾರಸಿ, ಅರಬ್ಬೀಗಳ ಮೂಲಕ ಯುರೋಪಿಗೆ ಹೋಗಿ ‘ಷುಗರ್’ ಆಯಿತು, ನಮ್ಮಲ್ಲಿ ಸಕ್ಕರೆಯಾಯಿತು. ಹೆಸರು ನಮ್ಮದೇ ಆದರೂ ಬಹುಕಾಲ ಅದು ಅರಮನೆಯ, ದೇವಾಲಯದ, ವೈದ್ಯನ ಪದಾರ್ಥ. ಮನೆಯ ಸಿಹಿ ಬೆಲ್ಲವೇ. ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು, ಯುಗಾದಿಗೆ ಬೇವು ಬೆಲ್ಲ, ಸಂಕ್ರಾಂತಿಗೆ ಎಳ್ಳು ಬೆಲ್ಲ, ರಾಮನವಮಿಗೆ ಪಾನಕ. ಬಿಳಿ ಸಕ್ಕರೆ ಮಾಡುವ ಆಸೆ ಮೈಸೂರು ಸೀಮೆಯಲ್ಲಿ ಹಳೆಯದೇ. ಟಿಪ್ಪುವಿನ ಕಾಲದಿಂದ ಬಂದ ಆ ಕುಶಲತೆಗೆ ಚಿಕ್ಕಬಳ್ಳಾಪುರ ಹೆಸರಾಗಿತ್ತು. ೧೮೪೭ರಲ್ಲಿ ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ ಗ್ರೋವ್ಸ್ ಕಂಪನಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಆರಂಭಿಸಿತು. ಅಲ್ಲಿ ನಡೆಯುತ್ತಿದ್ದ ಕೆಲಸ ಗಮನಿಸತಕ್ಕದ್ದು: ರೈತರು ಮಾಡಿದ ಬೆಲ್ಲವನ್ನು ಕೊಂಡು, ಕರಗಿಸಿ, ಶುದ್ಧಮಾಡಿ, ಸಕ್ಕರೆಯಾಗಿ ಮಾರುವುದು. ಬೆಲ್ಲವು ಹೆಸರು ಬದಲಾಯಿಸಿಕೊಂಡು ಸಕ್ಕರೆಯಾಗಿ ಹೊರಗೆ ಬರುತ್ತಿತ್ತು. ೧೮೫೧ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದಕ್ಕೆ ಪದಕವೂ ದೊರೆಯಿತು.

ಆದರೂ ಸಕ್ಕರೆ ಸಾಮಾನ್ಯನ ಡಬ್ಬಿಗೆ ಇಳಿದದ್ದು ೧೯೩೦ರ ದಶಕದಲ್ಲಿ. ೧೯೩೨ರಲ್ಲಿ ಭಾರತ ಸರ್ಕಾರ ದೇಶದ ಸಕ್ಕರೆಗೆ ಸುಂಕದ ರಕ್ಷಣೆ ಕೊಟ್ಟಿತು. ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಐದಾರು ವರ್ಷಗಳಲ್ಲಿ ನೂರ ಮೂವತ್ತನ್ನು ದಾಟಿತು. ಕನ್ನಂಬಾಡಿಯ ನೀರು ನಾಲೆಯಲ್ಲಿ ಹರಿದು ಬಂದ ಮಂಡ್ಯದಲ್ಲಿ, ಕೃಷಿ ಇಲಾಖೆಯ ಮುಖ್ಯಸ್ಥ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದ ಫಲವಾಗಿ ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಮಂಡ್ಯದ ರೈತನ ಮನೆಗೆ ಅದು ಹಣವನ್ನೂ ಹೆಂಚನ್ನೂ ಶಾಲೆಯ ಶುಲ್ಕವನ್ನೂ ತಂದಿತು. ಆ ಋಣವನ್ನು ಮರೆಯಲಾಗದು. ಅದರೊಡನೆ ಬೆಂಗಳೂರಿನ ಕಾಫಿಯ ಲೋಟಕ್ಕೆ ಅಗ್ಗದ ಸಕ್ಕರೆಯೂ ಬಂತು. ಚಿಕ್ಕಪೇಟೆಯಲ್ಲಿ ೧೮೯೮ರಲ್ಲಿ ತೆರೆಯಿತೆಂದು ಹೇಳುವ ಮೊದಲ ಅಯ್ಯಂಗಾರ್ ಬೇಕರಿಯ ಪರಂಪರೆ ಬಡಾವಣೆಗಳಿಗೆಲ್ಲ ಹಬ್ಬಿತು. ಬೆಳಗಿನ ಹುರಿಹಿಟ್ಟಿನ ಜಾಗಕ್ಕೆ ಬ್ರೆಡ್ಡು ಬಂತು, ಅಂಬಲಿಯ ಜಾಗಕ್ಕೆ ಕಾಫಿ ಬಂತು, ಮುದ್ದೆಯ ಜಾಗಕ್ಕೆ ಅನ್ನ ಬಂತು. ಹಳ್ಳಿಯಿಂದ ಬಂದು ಕಾರ್ಖಾನೆಯ ಕೆಲಸ ಹಿಡಿದವನು ತಾನು ಪಟ್ಟಣದವನಾದೆ ಎಂಬುದನ್ನು ತನ್ನ ತಟ್ಟೆಯಲ್ಲಿಯೇ ಕಂಡುಕೊಂಡ. ಅದನ್ನು ನಾವು ಹಾಸ್ಯ ಮಾಡಬಾರದು. ವರ್ಷಕ್ಕೊಮ್ಮೆ ಹಬ್ಬಕ್ಕೆ ಮಾತ್ರ ಅನ್ನ ಕಂಡವನಿಗೆ ದಿನವೂ ಅನ್ನ ಉಣ್ಣುವುದು ಸಣ್ಣ ಗೆಲುವಲ್ಲ.

ವಿಪರ್ಯಾಸವೆಂದರೆ ರಾಗಿಯ ಬೆಳೆ ಸುಧಾರಿಸಿದ ಕಾಲಕ್ಕೇ ಅದರ ಊಟ ಪಟ್ಟಣದಲ್ಲಿ ಹಿಂದೆ ಸರಿಯಿತು. ‘ರಾಗಿ ಬ್ರಹ್ಮ’ನೆಂದು ಜನ ಕರೆದ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಸೃಷ್ಟಿಸಿದರು. ಸಾವಿರಾರು ವರ್ಷಗಳ ಹಿಂದೆ ಅಗಲಿದ ದಾಯಾದಿಗಳು ಮಂಡ್ಯದ ವಿ. ಸಿ. ಫಾರಂನಲ್ಲಿ ಒಂದಾದರು, ರೈತನ ಕಣದಲ್ಲಿ ಇಳುವರಿ ಬಹುವಾಗಿ ಹೆಚ್ಚಿತು. ಆದರೆ ಅದೇ ಹೊತ್ತಿಗೆ ಪೀಣ್ಯದಲ್ಲಿ, ಕೋನಪ್ಪನ ಅಗ್ರಹಾರದಲ್ಲಿ ಹೊಲಗಳು ನಿವೇಶನಗಳಾಗುತ್ತಿದ್ದವು. ರಾಗಿಯ ಹೊಲದ ಜೊತೆಗೆ ಹೋದದ್ದು ಅಕ್ಕಡಿಯ ಅವರೆ, ಬದುವಿನ ಸೊಪ್ಪು, ಕರೆಯುವ ಹಸು. ಮಾರುಕಟ್ಟೆಯಲ್ಲಿ ರಾಗಿಹಿಟ್ಟು ಸಿಕ್ಕೀತು. ಆ ಇಡೀ ತಣಿಗೆ ಸಿಗುವುದು ಕಷ್ಟ.

ಈಗ ಗಾಳಿ ತಿರುಗಿದೆ. ವಿಶ್ವಸಂಸ್ಥೆ ೨೦೨೩ನ್ನು ಕಿರುಧಾನ್ಯಗಳ ವರ್ಷವೆಂದು ಸಾರಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ಅದೇ ವರ್ಷ ಪ್ರಕಟವಾದ ಸಮೀಕ್ಷೆಯೊಂದು, ದೇಶದಲ್ಲಿ ೧೦ ಕೋಟಿಗೂ ಮೇಲ್ಪಟ್ಟು ಮಧುಮೇಹಿಗಳಿದ್ದಾರೆಂದು ಲೆಕ್ಕ ಹಾಕಿತು. ಗಾಜಿನ ಕಟ್ಟಡಗಳ ಊಟದ ಮನೆಗಳಲ್ಲಿ ರಾಗಿ ಮತ್ತೆ ಕಾಣಿಸಿಕೊಂಡಿದೆ. ಸಂತೋಷ. ಆದರೆ ಅದು ಬಂದ ವೇಷವನ್ನು ನೋಡಬೇಕು. ರಾಗಿ ಬಿಸ್ಕತ್ತು, ರಾಗಿ ಕುರುಕಲು, ರಾಗಿಯ ಚಿತ್ರ ಹೊತ್ತ ಸಿಹಿ ಪುಡಿ. ನಮ್ಮ ಆಹಾರ ಕಾನೂನಿನಂತೆ ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕು. ಮುಂಭಾಗದಲ್ಲಿ ರಾಗಿಯ ತೆನೆಯಿದ್ದು, ಬೆನ್ನಿನ ಪಟ್ಟಿಯಲ್ಲಿ ಮೈದಾವೂ ಸಕ್ಕರೆಯೂ ಮೊದಲು ಬಂದು ರಾಗಿ ಆಮೇಲೆ ಬಂದರೆ, ಅದು ರಾಗಿಯ ಹೆಸರಿನ ಮೈದಾ ತಿಂಡಿ. ಗ್ಲೂಕೋಸ್ ಪಾಕ, ಮಾಲ್ಟೋಡೆಕ್ಸ್‌ಟ್ರಿನ್ ಮೊದಲಾದ ಮಾತುಗಳು ಕಂಡರೆ ಅವು ಸಕ್ಕರೆಯ ನೆಂಟರೆಂದು ತಿಳಿಯಬೇಕು. ‘ಆರೋಗ್ಯ ಪೇಯ’ ಎಂಬ ವರ್ಗ ನಮ್ಮ ಕಾನೂನಿನಲ್ಲಿಯೇ ಇಲ್ಲವೆಂದು, ಆ ಹಣೆಪಟ್ಟಿಯಡಿಯಿಂದ ಪಾನೀಯಗಳನ್ನು ತೆಗೆಯುವಂತೆ ಕೇಂದ್ರ ಸರ್ಕಾರ ೨೦೨೪ರ ಏಪ್ರಿಲಿನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. ರಾಗಿಯ ಸಿಪ್ಪೆ ತೆಗೆಯುವ ವಿದ್ಯೆಯನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಈಗಾಗಲೇ ಸಾಧಿಸಿದೆ. ಬಿಳಿ ಕಾಳಿನ ರಾಗಿಯ ತಳಿಯೂ ಬಂದಿದೆ. ವಿದ್ಯೆಯಲ್ಲಿ ದೋಷವಿಲ್ಲ. ಆದರೆ ಬಿಳುಪಿನ ಹಂಬಲ ಹಾಗೆಯೇ ಉಳಿದರೆ, ಅಕ್ಕಿ ಗೋಧಿಗಳು ಹೋದ ದಾರಿಯಲ್ಲಿಯೇ ರಾಗಿಯನ್ನೂ ಕಳಿಸಿಕೊಟ್ಟೇವು.

ಬೆಲ್ಲದ ವಿಷಯದಲ್ಲಿ ಇನ್ನೊಂದು ಭ್ರಮೆಯುಂಟು. ಸಕ್ಕರೆ ವಿಷ, ಬೆಲ್ಲ ಅಮೃತ ಎಂಬ ಮಾತು ಈಗ ಎಲ್ಲರ ಬಾಯಲ್ಲಿ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಸುಣ್ಣ ಹಾಕಿ, ಮಡ್ಡಿ ತೆಗೆದು, ಅಚ್ಚಿಗೆ ಹೊಯ್ಯುತ್ತಾರೆ. ಕಾರ್ಖಾನೆಯಲ್ಲಿ ಹರಳನ್ನು ಬೇರ್ಪಡಿಸಿ ಕಾಕಂಬಿಯನ್ನು ಬಸಿಯುತ್ತಾರೆ. ಕಾಕಂಬಿ ಉಳಿದುದರಿಂದ ಬೆಲ್ಲಕ್ಕೆ ಬಣ್ಣವೂ ಘಮವೂ ಒಂದಿಷ್ಟು ಖನಿಜವೂ ಉಂಟು, ನಿಜ. ಆದರೆ ೧೦೦ ಗ್ರಾಂ ಬೆಲ್ಲದಲ್ಲಿ ಸುಮಾರು ೮೫ ಗ್ರಾಂ ಸಕ್ಕರೆಯೇ. ರಕ್ತಕ್ಕೆ ಸೇರಿದ ಮೇಲೆ ಅದು ಆಲೆಮನೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂದು ದೇಹ ವಿಚಾರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿದ ಮಿತಿ, ದಿನದ ಆಹಾರಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಿಮೆ, ಅರ್ಥಾತ್ ವಯಸ್ಕರಿಗೆ ಸುಮಾರು ೫೦ ಗ್ರಾಂ, ೨೫ ಆದರೆ ಇನ್ನೂ ಒಳ್ಳೆಯದು ಎಂಬುದು, ಬೆಲ್ಲ ಜೇನುಗಳಿಗೂ ಅನ್ವಯಿಸುತ್ತದೆ. ಹಿಂದಿನವರು ಬೆಲ್ಲ ತಿಂದು ಗಟ್ಟಿಯಾಗಿದ್ದರು ಎನ್ನುವವರು, ಅವರು ಅದನ್ನು ಹಬ್ಬಕ್ಕೆ ತಿಂದರು, ಉಳಿದ ದಿನ ಹೊಲದಲ್ಲಿ ದುಡಿದರು ಎಂಬುದನ್ನೂ ಸೇರಿಸಿ ಹೇಳಬೇಕು. ಬಣ್ಣದ ಪೀಡೆ ಬೆಲ್ಲವನ್ನೂ ಬಿಟ್ಟಿಲ್ಲ. ಕಪ್ಪು ಬೆಲ್ಲವನ್ನು ಕೊಳ್ಳುವವರಿಲ್ಲವೆಂದು ಗಂಧಕದ ರಾಸಾಯನಿಕ ಹಾಕಿ ಅದನ್ನು ಹಳದಿ ಮಾಡುವ ಪದ್ಧತಿ ಬಂದದ್ದು ನಮ್ಮ ಕಣ್ಣಿನ ಆಸೆಗಾಗಿಯೇ.

ಹಾಗಾದರೆ ದಿನದ ಊಟದಲ್ಲಿ ಮಾಡಬಹುದಾದುದೇನು? ಚರಿತ್ರೆಯಿಂದ ತಿಳಿಯುವ ದಾರಿ ಸರಳವಾದದ್ದು. ಒಂದು ಬಿಳಿ ಪದಾರ್ಥವನ್ನು ತೆಗೆದು ಆ ಜಾಗದಲ್ಲಿ ಒಂದು ಕಂದು ಪದಾರ್ಥವನ್ನು ಕೂರಿಸಿದರೆ ಸಾಲದು. ಅಕ್ಕಡಿಯ ಸಾಲುಗಳನ್ನು ತಟ್ಟೆಗೆ ಮರಳಿ ತರಬೇಕು. ಮುದ್ದೆಯಿದ್ದರೆ ಅದರ ಜೊತೆ ಕಾಳು, ಸೊಪ್ಪು. ಅನ್ನವಿದ್ದರೆ ಅನ್ನ ಕಡಿಮೆ, ಹುಳಿಯಲ್ಲಿ ಬೇಳೆ ತರಕಾರಿ ಹೆಚ್ಚು. ನುಣ್ಣನೆಯ ರಾಗಿಹಿಟ್ಟನ್ನು ಗಂಜಿ ಮಾಡಿ ಬೆಲ್ಲ ಸುರಿದು ಕುಡಿದರೆ ಅದೂ ಬೇಗ ಸಕ್ಕರೆಯಾಗುತ್ತದೆ. ಮಜ್ಜಿಗೆ, ಉಪ್ಪು, ಈರುಳ್ಳಿ ಹಾಕಿದ ಅಂಬಲಿ ಅದಕ್ಕಿಂತ ಲೇಸು. ಸಂಜೆಯ ಬಿಸ್ಕತ್ತಿನ ಬದಲು ಹುರಿದ ಕಡಲೆಕಾಯಿ, ಬೇಯಿಸಿದ ಅವರೆಕಾಳು, ಆಯಾ ಕಾಲದ ಸೀಬೆಹಣ್ಣು. ಕಾಫಿಯ ಸಕ್ಕರೆಯನ್ನು ಬೇರೊಂದರಿಂದ ತುಂಬುವುದಕ್ಕಿಂತ ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬರುವುದು ಮೇಲು. ನಾಲಗೆಗೆ ಅಭ್ಯಾಸ ಮಾಡಿಸಿದವರು ನಾವೇ, ಬಿಡಿಸಬೇಕಾದವರೂ ನಾವೇ.

ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ: ರಾಗಿ ಮರಳಿ ಬರುತ್ತಿರುವುದು ಯಾರ ಮನೆಗೆ? ೨೦೨೪–೨೫ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ ೪,೨೯೦ ರೂಪಾಯಿ. ಕಿಲೋಗೆ ೪೩ ರೂಪಾಯಿಯೂ ಆಗಲಿಲ್ಲ. ಅದೇ ಕಾಳು ಚೆಂದದ ಪೊಟ್ಟಣ ಸೇರಿದಾಗ ಅದರ ಬೆಲೆಯನ್ನು ಓದುಗರೇ ಬಲ್ಲರು. ಒಂದೇ ರಸ್ತೆಯ ಒಂದು ಬದಿಯಲ್ಲಿ ಉಳ್ಳವರು ವೈದ್ಯರ ಸಲಹೆಯಂತೆ ಬಡವರ ಧಾನ್ಯವನ್ನು ದುಬಾರಿ ಕೊಟ್ಟು ತಿನ್ನುತ್ತಾರೆ. ಇನ್ನೊಂದು ಬದಿಯಲ್ಲಿ ಪಾಳಿ ಮುಗಿಸಿದ ಕಾರ್ಮಿಕ, ಒಲೆ ಹಚ್ಚಿ ಮುದ್ದೆ ತಿರುವಲು ಹೊತ್ತೂ ಜಾಗವೂ ಇಲ್ಲದೆ, ಬನ್ನು ಚಹಾಗಳಲ್ಲಿ ಹಸಿವೆ ತೀರಿಸುತ್ತಾನೆ. ಕೂನೂರಿನ ಆ ಇಲಿಗಳ ಊಟ ಇಂದು ಯಾರ ಪಾಲಿಗೆ ಬಂದಿದೆ ಎಂಬುದನ್ನು ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ನಮ್ಮ ರಾಜ್ಯದ ಶಾಲೆಗಳಲ್ಲಿ ೨೦೨೪ರಲ್ಲಿ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಯೋಜನೆ ಆರಂಭವಾದದ್ದು ಈ ದೃಷ್ಟಿಯಿಂದ ದೊಡ್ಡ ಮಾತು. ಕಾರ್ಖಾನೆಯ ಊಟದ ಮನೆಗಳೂ ದರ್ಶಿನಿಗಳೂ ಮುದ್ದೆ ಕಾಳಿನ ಸಾರನ್ನು ಅನ್ನದ ಬೆಲೆಗೇ ಕೊಟ್ಟರೆ, ಅದು ಹತ್ತು ಭಾಷಣಗಳಿಗಿಂತ ಹೆಚ್ಚಿನ ಕೆಲಸ ಮಾಡೀತು.

ಹಿಟ್ಟು ತಿಂದವನು ಬೆಟ್ಟ ಕಿತ್ತಾನು ಎಂಬುದು ಗಾದೆ. ಈ ಊರುಗಳಲ್ಲಿ ಕೀಳಬೇಕಾದ ಬೆಟ್ಟಗಳು ಉಳಿದಿಲ್ಲ. ಕಟ್ಟಡಗಳೇ ಬೆಟ್ಟಗಳಂತೆ ಬೆಳೆದಿವೆ. ಅವನ್ನು ಕಟ್ಟಿದವರಿಗೂ ಅವುಗಳೊಳಗೆ ಕುಳಿತು ದುಡಿಯುವವರಿಗೂ ಒಂದೇ ಹದದ ಊಟ ಒದಗಬೇಕು. ಅಲ್ಲಿಯವರೆಗೆ ಕನಕದಾಸರ ಕಾವ್ಯದ ತೀರ್ಪು ಕಾಗದದ ಮೇಲಷ್ಟೇ ಉಳಿಯುತ್ತದೆ.